ಆ ಮಾತ್ರೆ ಕವರ್ ಬಿಚ್ಚಿ ನೋಡಬೇಕಿತ್ತು

ಮಡಿಕೇರಿ ಸುತ್ತಮುತ್ತ ಮನೆಗಳಿಗೇ ಹೋಗಿ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ನಾನು. ಇದು ನನ್ನದೇ ತಪ್ಪಿನ ಕಥೆ.

ಕಾಫಿ ತೋಟದ ಲೈನ್ ಮನೆಯಲ್ಲಿದ್ದ ಅಜ್ಜ. ವರ್ಷಗಟ್ಟಲೆ ಏಣಿ ಹತ್ತಿ ಕರಿಮೆಣಸು ಕುಯ್ದವರು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿ, ಮಗ್ಗುಲು ಬದಲಿಸಲೂ ಒದ್ದಾಡುತ್ತಿದ್ದರು. ಡಾಕ್ಟರ್ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ಬರೆದಿದ್ದರು. ಅದು ತಪ್ಪಲ್ಲ. ಕ್ಯಾನ್ಸರ್ ಹರಡಿದ ಮೂಳೆಯಲ್ಲಿ ನೋವು ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್ ಜಾಸ್ತಿ ಹುಟ್ಟುತ್ತದೆ, ಈ ಮಾತ್ರೆ ಅದನ್ನೇ ತಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಹೇಳಿದ, ಹಂತಹಂತವಾಗಿ ಔಷಧಿ ಏರಿಸುವ ನೋವಿನ ಏಣಿಯಲ್ಲೂ ಇಂಥ ಮಾತ್ರೆಗಳು ಮೊದಲ ಮೆಟ್ಟಿಲು.

ಜುಲೈ ತಿಂಗಳು. ಹೊರಡುವಾಗ ಮಗಳು, "ಸಿಸ್ಟರ್, ಅಪ್ಪಂಗೆ ಕಕ್ಕಸು ಕಪ್ಪಗೆ ಹೋಗ್ತಿದೆ" ಅಂದಳು. ರಕ್ತ ಕಡಿಮೆ ಅಂತ ಐರನ್ ಮಾತ್ರೆ ನಡೆಯುತ್ತಿತ್ತು. "ಐರನ್‌ಗೆ ಹಾಗಾಗುತ್ತಮ್ಮ" ಅಂದು ಎದ್ದು ಬಂದೆ. ಮಳೆ ಜೋರಾಗಿತ್ತು, ಜೀಪ್ ಕಾಯುತ್ತಿತ್ತು.

ನಾಲ್ಕು ದಿನ ಬಿಟ್ಟು ಫೋನ್. ಅಜ್ಜನಿಗೆ ಎದ್ದು ನಿಂತರೆ ತಲೆಸುತ್ತು, ಮೈಯೆಲ್ಲ ತಣ್ಣಗೆ. ಆಸ್ಪತ್ರೆಯಲ್ಲಿ ಮಗಳು ಮಾತ್ರೆ ಕವರ್ ಸುರಿದಳು. ಡೈಕ್ಲೋಫೆನಾಕ್ ಇತ್ತು. ನೋವು ತಡೆಯದೆ ಪೇಟೆಯ ಮೆಡಿಕಲ್‌ನಿಂದ ತಂದ ಅಸೆಕ್ಲೋಫೆನಾಕ್ ಇತ್ತು. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೂಡ. ಮೊದಲೆರಡಕ್ಕೆ ಹೆಸರು ಬೇರೆ, ಜಾತಿ ಒಂದೇ. ಎರಡೂ ನುಂಗಿದರೆ ನೋವೇನೂ ಎರಡು ಪಟ್ಟು ಇಳಿಯುವುದಿಲ್ಲ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು ಮಾತ್ರ ಜಾಸ್ತಿ. ಸ್ಟೀರಾಯ್ಡ್ ಸೇರಿದರಂತೂ ಹುಣ್ಣಾಗಿ ರಕ್ತ ಸುರಿಯುವ ಭಯ. ಹೊಟ್ಟೆ ಕಾಯುವ ಪ್ಯಾಂಟೊಪ್ರಜೋಲ್ ಕವರಿನಲ್ಲಿ ಇರಲೇ ಇಲ್ಲ.

ಐರನ್‌ನಿಂದ ಮಲ ಕಪ್ಪಾದರೂ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ರಕ್ತ ಬೆರೆತದ್ದು ಡಾಂಬರಿನ ಹಾಗೆ ಅಂಟಂಟು, ಕೆಟ್ಟ ನಾತ. ಇದನ್ನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವಳು ನಾನು! "ಅಂಟಂಟಾಗಿದೆಯಾ?" ಅಂತ ಒಂದು ಮಾತು ಕೇಳಲಿಲ್ಲ.

ಅಜ್ಜ ಉಳಿದರು. "ಅದೇ ಜಾತಿಯ ಇಟೋರಿಕಾಕ್ಸಿಬ್ ಕೊಡಬಹುದಲ್ವಾ ಸರ್, ಹೊಟ್ಟೆಗೆ ಹಗುರ" ಅಂತ ಕೇಳಿದೆ. ಹೊಟ್ಟೆಗೆ ಸ್ವಲ್ಪ ಹಗುರ ನಿಜ, ಕಿಡ್ನಿಗೂ ಹೃದಯಕ್ಕೂ ಅಲ್ಲ ಅಂದರು ಡಾಕ್ಟರ್. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಅಜ್ಜನಿಗೆ ಆಗಲೇ ಏರಿತ್ತು. ಆ ಜಾತಿಯ ಮಾತ್ರೆಗಳನ್ನೆಲ್ಲ ನಿಲ್ಲಿಸಿ, ಕಿಡ್ನಿ ನೋಡಿಕೊಂಡು ಸಣ್ಣ ಡೋಸ್‌ನಲ್ಲಿ ಮಾರ್ಫಿನ್ ಶುರು ಮಾಡಿದರು. ಮಲಬದ್ಧತೆ ಆಗದಂತೆ ಜೊತೆಗೇ ಔಷಧಿ.

ಈಗ ಯಾವ ಮನೆಗೆ ಹೋದರೂ ಮೊದಲು ಕವರ್ ತರಿಸಿ ಚಾಪೆ ಮೇಲೆ ಸುರಿಯುತ್ತೇನೆ. ದಿಂಬಿನ ಅಡಿ, ದೇವರ ಗೂಡು, ಎಲ್ಲ ಕೇಳುತ್ತೇನೆ. ಹೋದ ವಾರ ಸೋಮವಾರಪೇಟೆ ಕಡೆಯ ಒಂದು ಮನೆಯಲ್ಲಿ ಸಕ್ಕರೆ ಡಬ್ಬಿಯ ಹಿಂದಿನಿಂದ ಕಾಂಬಿಫ್ಲಾಮ್ ಸ್ಟ್ರಿಪ್ ಬಂತು. "ಅದು ಸುಮ್ನೆ ಜ್ವರಕ್ಕೆ, ಸಿಸ್ಟರ್" ಅಂದರು. ಅದರಲ್ಲೂ ಅದೇ ಜಾತಿಯ ಐಬುಪ್ರೊಫೆನ್ ಇದೆ. ಸ್ಟ್ರಿಪ್ ಅರ್ಧ ಖಾಲಿಯಾಗಿತ್ತು.