ಕನ್ನಡಿ, 150 ಮರದ ತುಂಡು, ಎರಡು ಹಾಳೆ: ಕೈ ಮರುತರಬೇತಿ ಕಿಟ್ ಎಲ್ಲಿಗೆ ಬಂತು

ಪಾರ್ಶ್ವವಾಯುವಿನಿಂದ ಸೋತ ಕೈಗೆ ಮನೆಯಲ್ಲಿ ಬಳಸುವ ಕಿಟ್ ಇದು. ಕನ್ನಡಿ ಮತ್ತು ಎಣಿಕೆಯ ಪೆಟ್ಟಿಗೆ ಸಿದ್ಧವಾಗಿವೆ, ಹಾಳೆಗಳನ್ನು ಇನ್ನೂ ತಿದ್ದುತ್ತಿದ್ದೇವೆ. ಯಾವ ವ್ಯಾಯಾಮ, ಎಷ್ಟು ಹೊತ್ತು ಎನ್ನುವುದು ಥೆರಪಿಸ್ಟ್ ತೀರ್ಮಾನ. ಭುಜದ ಕೀಲು ಜಾರಿದೆಯೇ ಎಂದು ಅವರು ನೋಡುವ ತನಕ ಏನನ್ನೂ ಶುರು ಮಾಡಬೇಡಿ.

ಕನ್ನಡಿ: ಮುಗಿದಿದೆ

3 ಮಿ.ಮೀ. ಅಕ್ರಿಲಿಕ್ ಕನ್ನಡಿ, 45 × 40 ಸೆಂ.ಮೀ., ಬೆನ್ನಿಗೆ 9 ಮಿ.ಮೀ. ಪ್ಲೈವುಡ್. ಪ್ಲೈ ಇಲ್ಲದಿದ್ದರೆ ಅಕ್ರಿಲಿಕ್ ಬಾಗಿ, ಪ್ರತಿಬಿಂಬದ ಬೆರಳುಗಳು ಸೊಟ್ಟಗೆ ಕಾಣುತ್ತವೆ. ಕನ್ನಡಿಯಲ್ಲಿ ಕಾಣುವ ಗಟ್ಟಿ (ಸರಿಯಿರುವ) ಕೈಯ ಪ್ರತಿಬಿಂಬವೇ ತನ್ನ ಸೋತ ಕೈ ಎಂದು ಮಿದುಳು ನಂಬಬೇಕು. ಇಡೀ ಉಪಾಯ ನಿಂತಿರುವುದೇ ಅದರ ಮೇಲೆ. ವಿನೆಗರ್ ವಾಸನೆಯ ಸಿಲಿಕೋನ್ ಕನ್ನಡಿಯ ಹಿಂಬದಿ ಲೇಪವನ್ನು ತಿನ್ನಬಹುದು, ಎರಡೂ ಬದಿ ಅಂಟುವ ಫೋಮ್ ಟೇಪೇ ಸಾಕು. ಗಾಜು ಬೇಡ: ಬಿಗಿತವಿರುವ ಕೈ ಹಠಾತ್ತನೆ ಸೆಳೆದರೆ ಅಪಾಯ.

ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಈ ಕನ್ನಡಿ ಉಪಾಯವನ್ನು ಬಳಸಿದ್ದು ಕೈ ಕಳೆದುಕೊಂಡವರಿಗೆ, ಇಲ್ಲದ ಕೈಯ ನೋವಿಗೆಂದು. 1999ರಲ್ಲಿ ಆಲ್ಟ್‌ಶೂಲರ್ ಮತ್ತು ಸಂಗಡಿಗರು ಪಾರ್ಶ್ವವಾಯುವಿಗೂ ಪ್ರಯೋಗಿಸಿ 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದರು.

ಎದೆಯ ನಡುವಿಗೆ ನೇರವಾಗಿ ಮೇಜಿನ ಮೇಲೆ ಕನ್ನಡಿ ನಿಲ್ಲಿಸಿ. ಕನ್ನಡಿಯ ಮುಖ ಗಟ್ಟಿ ಕೈಯತ್ತ, ಸೋತ ಕೈ ಹಿಂದೆ, ಪೂರ್ತಿ ಮರೆಯಲ್ಲಿ. ಗಟ್ಟಿ ಕೈಯ ಉಂಗುರ, ಬಳೆ, ವಾಚು ತೆಗೆಯಲೇಬೇಕು. ಮದುವೆಯ ಉಂಗುರಕ್ಕೂ ವಿನಾಯಿತಿಯಿಲ್ಲ. ಮುಷ್ಟಿ ಬಿಚ್ಚುವುದು, ಮಣಿಕಟ್ಟು ಎತ್ತುವುದು, ಅಂಗೈ ಮಗುಚುವುದು, ಎಲ್ಲ ನಿಧಾನವಾಗಿ, ಕಣ್ಣು ಪ್ರತಿಬಿಂಬದಲ್ಲಿ. ಮರೆಯ ಕೈಯೂ ಅದನ್ನೇ ಮಾಡಲು ಯತ್ನಿಸಬೇಕು, ಅಲುಗದಿದ್ದರೂ ಸರಿ. ಹೆಚ್ಚಾಗಿ ಕೆಡುವುದು ನೋಟ: ಕಣ್ಣು ಸುಮ್ಮನೆ ಗಟ್ಟಿ ಕೈಯತ್ತ ಜಾರುತ್ತದೆ. ಆ ಕೈಯ ಮೇಲೆ ಟವೆಲ್ ಹೊದಿಸಿದರೆ ಪ್ರತಿಬಿಂಬವೂ ಮುಚ್ಚಿಹೋಗುತ್ತದೆ, ಆದ್ದರಿಂದ ಪಕ್ಕದಲ್ಲಿ ಕೂತವರು ನೆನಪಿಸುವುದೊಂದೇ ದಾರಿ. ತಲೆ ಸುತ್ತಿದರೆ, ಬೆವರಿದರೆ ಅಲ್ಲಿಗೇ ನಿಲ್ಲಿಸಿ, ಮರುದಿನ 5 ನಿಮಿಷದಿಂದ ಶುರು. ಗುರಿ 30 ನಿಮಿಷ, ವಾರಕ್ಕೆ 5 ದಿನ, 4 ವಾರ.

ಪೆಟ್ಟಿಗೆ: ಮುಗಿದಿದೆ

ಇದು ಬಾಕ್ಸ್ ಅಂಡ್ ಬ್ಲಾಕ್ ಪರೀಕ್ಷೆಯದು: ಒಂದು ನಿಮಿಷದಲ್ಲಿ ಕೈ ಎಷ್ಟು ತುಂಡುಗಳನ್ನು ತಡೆಯಾಚೆಗೆ ಒಯ್ಯುತ್ತದೆ ಎಂಬ ಎಣಿಕೆ. 53.7 × 25.4 ಸೆಂ.ಮೀ., ಎತ್ತರ 8.5, ನಡುವಿನ ತಡೆ 15.2 ಸೆಂ.ಮೀ. 2.5 ಸೆಂ.ಮೀ. ಚೌಕದ ರೀಪಿನಿಂದ 150 ತುಂಡು ಬೇಕು. ಲೆಕ್ಕಕ್ಕೆ 3.75 ಮೀಟರ್, ಗರಗಸ ತಿನ್ನುವ 3 ಮಿ.ಮೀ. ಸೇರಿಸಿದರೆ 4.2 ಮೀಟರ್. ಅಂಚುಗಳನ್ನು ಮರಳುಕಾಗದದಿಂದ ಉಜ್ಜಿ. ಸ್ಪರ್ಶ ಮಂದವಾದ ಕೈಗೆ ಸಿಬಿರು ಚುಚ್ಚಿದ್ದೂ ತಿಳಿಯದು.

15 ಸೆಕೆಂಡ್ ಅಭ್ಯಾಸ, ಆಮೇಲೆ 60 ಸೆಕೆಂಡ್. ಒಂದೊಂದೇ ತುಂಡು ಆಚೆಗೆ. ಬೆರಳ ತುದಿ ತಡೆ ದಾಟಿದರಷ್ಟೇ ಲೆಕ್ಕ, ಒಟ್ಟಿಗೆ ಎರಡು ಒಯ್ದರೂ ಒಂದೇ. ಸುಮಾರು 6 ತುಂಡಿಗಿಂತ ಕಡಿಮೆ ಏರಿಳಿತ ಅಳತೆಯ ಅಲುಗಾಟವೇ ಇರಬಹುದು, ಅದಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ದಿನಾ ಪರೀಕ್ಷಿಸುವ ಮನೆಗಳಲ್ಲಿ ಮನಸ್ಸು ಕೆಡುವುದು ಈ ಅಲುಗಾಟದಿಂದಲೇ. ಎರಡು ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ಸಾಕು.

ಎಣಿಕೆ ಹಾಳೆ: ನಡೆಯುತ್ತಿದೆ

ಅಮೆರಿಕದ ಕ್ಯಾಥರೀನ್ ಲ್ಯಾಂಗ್ ತಂಡ 2009ರಲ್ಲಿ ಥೆರಪಿ ಅವಧಿಗಳನ್ನು ಕೂತು ಎಣಿಸಿತು. ಕೆಲಸಕ್ಕೆ ಬರುವ ಕೈಚಲನೆ ಸರಾಸರಿ 32 ಬಾರಿ ಮಾತ್ರ. ಮಿದುಳಿನ ನಕ್ಷೆ, ಅಂದರೆ ಯಾವ ಭಾಗ ಯಾವ ಅಂಗವನ್ನು ನಡೆಸುತ್ತದೆ ಎನ್ನುವುದು, ಬದಲಾದ ಪ್ರಾಣಿ ಪ್ರಯೋಗಗಳಲ್ಲಿ ಅದು ನೂರಾರು. ಹಾಗೆಂದು ಎಣಿಕೆ ಏರಿಸುತ್ತಲೇ ಹೋದರೆ ಫಲವೂ ಏರುವುದಿಲ್ಲ, ಅದೇ ತಂಡ 2016ರಲ್ಲಿ ಅದನ್ನೂ ತೋರಿಸಿತು. ಹಾಳೆಯಲ್ಲಿ ಕಾಲಂ ನಾಲ್ಕು: ಕೆಲಸ, ಬಾರಿ, ಬೀಳಿಸಿದ್ದು, ದಣಿವು. ಹತ್ತರಲ್ಲಿ ಎರಡು-ಮೂರು ತಪ್ಪುವಷ್ಟು ಕಷ್ಟವಿರಲಿ. ಎಲ್ಲವೂ ಸರಿಹೋಗುತ್ತಿದ್ದರೆ ತುಂಡಿನ ಬದಲು ಹುಣಸೆ ಬೀಜ. ಅಳಗುಳಿ ಮಣೆ ಇದಕ್ಕೆ ಹೇಳಿ ಮಾಡಿಸಿದ ಸಲಕರಣೆ: 14 ಗುಳಿ, ಗುಳಿಗೆ 5 ಬೀಜವಾದರೆ ಒಂದು ಸಲ ತುಂಬಲು 70 ಬಾರಿ ಬೆರಳ ತುದಿಯಲ್ಲಿ ಹಿಡಿದಂತಾಗುತ್ತದೆ. ಆಟವೂ ಆಗುತ್ತದೆ, ಎದುರಿಗೆ ಯಾರಾದರೂ ಕೂರಲೂಬೇಕಾಗುತ್ತದೆ.

ಮನಸ್ಸಿನ ಹಾಳೆ: ನಡೆಯುತ್ತಿದೆ

ಪಾರ್ಶ್ವವಾಯುವಾದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. 'ಸೋಮಾರಿತನ' ಎಂದು ಮನೆಯವರು ಬೈಯುವುದು ಎಷ್ಟೋ ಸಲ ಇದನ್ನೇ. ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಖಿನ್ನತೆಯ ಪ್ರಶ್ನಾವಳಿ ಕಳೆದ ಎರಡು ವಾರವನ್ನೇ ಕೇಳುವುದರಿಂದ ಪೆಟ್ಟಿಗೆಯ ದಿನವೇ ತುಂಬಿಸಬಹುದು. ಒಟ್ಟು 27 ಅಂಕಗಳಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಿಗೆ ತೋರಿಸಿ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಉತ್ತರ ಸೊನ್ನೆಯಲ್ಲದಿದ್ದರೆ ಅಂದೇ ಮಾತಾಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ನಿದ್ರೆ, ಹಸಿವು, ಸುಸ್ತಿನ ಅಂಕಗಳು ಮಿದುಳಿನ ಪೆಟ್ಟಿನಿಂದಲೇ ಏರಿರಬಹುದು, ಹಾಗಾಗಿ ಮೊದಲ ಎರಡು ಪ್ರಶ್ನೆಗಳನ್ನು, ಅಂದರೆ ಆಸಕ್ತಿ ಮತ್ತು ಬೇಸರವನ್ನು, ಪ್ರತ್ಯೇಕವಾಗಿ ನೋಡಿ. ಮಾತು ಹೋದವರಿಗೆ ಈ ಪ್ರಶ್ನಾವಳಿ ಹೊಂದದು. ಕಾರಣವಿಲ್ಲದೆ ಅಳು-ನಗು ಉಕ್ಕುವುದು ಬೇರೆಯೇ ತೊಂದರೆ, ಅದಕ್ಕೂ ಔಷಧಿಯಿದೆ.

ಬಾಕಿ: ಕೈಗವಸು

ಎಡ್ವರ್ಡ್ ಟೌಬ್ ರೂಪಿಸಿದ ವಿಧಾನದಲ್ಲಿ ಗಟ್ಟಿ ಕೈಗೆ ಕೈಗವಸು ತೊಡಿಸಿ, ಎಚ್ಚರವಿರುವ ಹೊತ್ತಿನ 90% ಸೋತ ಕೈಯಿಂದಲೇ ಕೆಲಸ; 2 ವಾರ, ದಿನಕ್ಕೆ 6 ತಾಸು ತರಬೇತಿ. ಮಣಿಕಟ್ಟು 20 ಡಿಗ್ರಿ, ಬೆರಳು 10 ಡಿಗ್ರಿ ಹಿಂದಕ್ಕೆ ಬಾರದಿದ್ದರೆ ಇದು ಬರೀ ಹಿಂಸೆ. ತೀರಾ ಬೇಗವೂ ಸಲ್ಲದು: 2009ರ ವೆಕ್ಟರ್ಸ್ ಅಧ್ಯಯನದಲ್ಲಿ, ಆರಂಭದ ವಾರಗಳಲ್ಲೇ ಹೆಚ್ಚು ತೀವ್ರವಾಗಿ ಮಾಡಿಸಿದವರ ಕೈ 90ನೇ ದಿನಕ್ಕೆ ಹಿಂದೆ ಬಿದ್ದಿತ್ತು. ಗವಸು ಹೊಲಿಯುವಾಗ ಕೊಕ್ಕೆ, ಗುಂಡಿ ಬೇಡ, ವೆಲ್ಕ್ರೋ ಹಾಕಿ. ಎಡವಿದಾಗ ಗಟ್ಟಿ ಕೈ ತಕ್ಷಣ ಹೊರಬರಬೇಕು. ಮೆಟ್ಟಿಲು, ಬಚ್ಚಲು, ಒಲೆಯ ಹತ್ತಿರ ಗವಸು ತೊಡುವಂತಿಲ್ಲ.