‘ಟೆನ್ಷನ್ ಅಷ್ಟೇ’ ಅಂದುಬಿಟ್ಟೆ

ಆ ರಾತ್ರಿ ನೆನಪಾದರೆ ಈಗಲೂ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ಸರ್ಜರಿ ವಾರ್ಡಿನಲ್ಲಿ ಅವತ್ತು ನನಗೆ ನೈಟ್ ಡ್ಯೂಟಿ. ಮರುದಿನದ ಓಟಿ ಲಿಸ್ಟ್‌ನಲ್ಲಿ ಮೊದಲ ಕೇಸು ಸ್ತನ ಕ್ಯಾನ್ಸರ್ ಆಪರೇಷನ್. ಐವತ್ತರ ಆಸುಪಾಸಿನ ಹೆಂಗಸು, ಸಂಜೆಯಷ್ಟೇ ಅಡ್ಮಿಟ್ ಆಗಿದ್ದರು. ಕನ್ಸೆಂಟ್ ಆಗಿತ್ತು, ಪಿಎಸಿ, ಅಂದರೆ ಅರಿವಳಿಕೆಗೆ ಮುಂಚಿನ ತಪಾಸಣೆ, ಆಗಿತ್ತು. ಚೆಕ್‌ಲಿಸ್ಟ್ ತುಂಬುವುದಷ್ಟೇ ಬಾಕಿ.

ನಾನು ಬರೆಯುತ್ತಿದ್ದಾಗ ಅವರು ಕೇಳಿದರು. "ಸಿಸ್ಟರ್, ಕಂಕುಳಲ್ಲಿ ನೋವು. ಬೆನ್ನೂ ಹಿಡ್ಕೊಂಡಿದೆ. ಎದೆ ಡವಡವ ಅಂತಿದೆ. ಎಲ್ಲಾ ಕಡೆ ಹರಡಿಬಿಟ್ಟಿದೆಯಾ?"

ತಲೆ ಎತ್ತದೆ ಹೇಳಿದೆ. "ಏನಿಲ್ಲ ಅಮ್ಮ, ಟೆನ್ಷನ್ ಅಷ್ಟೇ. ಮಲ್ಕೊಳ್ಳಿ."

ನಾಡಿ 104 ಇತ್ತು. ನಾಳೆ ಆಪರೇಷನ್ ಅಂದರೆ ಅಷ್ಟು ಇದ್ದೇ ಇರುತ್ತದೆ ಅಂದುಕೊಂಡೆ. ಪಿಎಸಿ ಶೀಟ್‌ನಲ್ಲಿ ಬಿಪಿ ಮಾತ್ರೆ ನಿಲ್ಲಿಸಬಾರದು ಅಂತ ಬರೆದಿತ್ತು. ಅದನ್ನು ನೋಡಿ ಚೆಕ್‌ಲಿಸ್ಟ್‌ನಲ್ಲಿ ‘ಮಾತ್ರೆ ತಗೊಂಡಿದ್ದಾರೆ’ ಅನ್ನುವ ಬಾಕ್ಸ್‌ಗೂ ಟಿಕ್ ಹಾಕಿದೆ. ಅವರನ್ನು ಕೇಳಲಿಲ್ಲ.

ರಾತ್ರಿ ಎರಡು ಗಂಟೆಗೆ ಬೆಲ್ ಹೊಡೆಯಿತು. ಅವರು ಮಂಚದ ಅಂಚಿನಲ್ಲಿ ಕೂತಿದ್ದರು. ಉಸಿರು ಜೋರು. ಬೆರಳೆಲ್ಲಾ ಜುಮ್ ಅಂತಿದೆ ಅಂದರು. ನಾಡಿ 128, ಬಿಪಿ 176/104, ಆಕ್ಸಿಜನ್ ಸ್ಯಾಚುರೇಷನ್ 99. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಇಸಿಜಿ ಮಷೀನ್ ಪಕ್ಕದ ವಾರ್ಡಿನಿಂದ ಬರಬೇಕು. ನಮ್ಮದು ಕೆಟ್ಟು ತಿಂಗಳುಗಳಾಗಿವೆ, ಕೇಳಿ ಕೇಳಿ ಸಾಕಾಗಿದೆ. ಅದು ಬರುವ ತನಕ ಸ್ಟೂಲ್ ಎಳೆದುಕೊಂಡು ಅವರ ಪಕ್ಕ ಕೂತೆ. ಆ ಕೆಲಸವನ್ನು ಒಂಬತ್ತು ಗಂಟೆಗೆ, ಚೆಕ್‌ಲಿಸ್ಟ್ ತುಂಬುವಾಗಲೇ ಮಾಡಬೇಕಿತ್ತು.

"ಬಿಪಿ ಮಾತ್ರೆ ಕೊನೆಗೆ ಯಾವಾಗ ತಗೊಂಡ್ರಿ ಅಮ್ಮ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾಲ್ಕು ದಿನ ಆಯ್ತು. ಆಪರೇಷನ್ ಮುಂಚೆ ಯಾವ ಮಾತ್ರೇನೂ ತಗೋಬಾರ್ದು ಅಂತ ಯಾರೋ ಅಂದ್ರು."

ಅದು ಮೆಟೊಪ್ರೊಲಾಲ್. ದಿಢೀರ್ ಅಂತ ನಿಲ್ಲಿಸಿದರೆ ಎದೆಬಡಿತ, ಬಿಪಿ ಎರಡೂ ಏರುವ ಮಾತ್ರೆ. ನಾನು ಟೆನ್ಷನ್ ಅಂದಿದ್ದರ ಹಿಂದೆ ಇದೂ ಇತ್ತು.

ಭಯವೂ ಇತ್ತು, ಇಲ್ಲ ಅನ್ನುವುದಿಲ್ಲ. ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮ್ ಅನ್ನುತ್ತದೆ. ಅದನ್ನು ಹೇಳಿ, ಉಸಿರು ಬಿಡುವುದನ್ನು ಉದ್ದ ಮಾಡಿಸಿದೆ. ನಾನೂ ಜೊತೆಗೆ ಬಿಟ್ಟೆ. ಹತ್ತು ನಿಮಿಷದಲ್ಲಿ ಜುಮ್ ಅನ್ನುವುದು ಇಳಿಯಿತು. ಇಸಿಜಿಯಲ್ಲಿ ಬಡಿತ ವೇಗವಾಗಿತ್ತು, ಬೇರೆ ತೊಂದರೆ ಕಾಣಲಿಲ್ಲ. ಅನಸ್ತೇಷಿಯಾ ಡಾಕ್ಟರು ಫೋನಿನಲ್ಲಿ, ಒಂದು ಗುಟುಕು ನೀರಿನ ಜೊತೆ ಮಾತ್ರೆ ಕೊಡಿ ಅಂದರು.

ಆಮೇಲೆ ಕಂಕುಳು ನೋಡಿದೆ. ಬಯಾಪ್ಸಿ ಆಗಿ ಒಂಬತ್ತು ದಿನ. ಸೂಜಿ ಚುಚ್ಚಿದ ಜಾಗ ಕಂದಿ ಹಳದಿಗೆ ತಿರುಗಿತ್ತು. ಗಂಟು ದೊಡ್ಡದಾಯಿತೇನೋ ಅಂತ ಅವರು ದಿನಕ್ಕೆ ಎಷ್ಟೋ ಸಲ ಅಲ್ಲೇ ಒತ್ತಿ ನೋಡುತ್ತಿದ್ದರಂತೆ. ಒತ್ತಿದಷ್ಟೂ ನೋವು, ನೋವಾದಷ್ಟೂ ಭಯ. ಆ ಕಡೆ ಮಲಗಲು ಹೆದರಿ ಒಂದೇ ಮಗ್ಗುಲಲ್ಲಿ ಮಲಗಿದ್ದರು. ಬೆನ್ನು ಹಿಡಿದುಕೊಳ್ಳದೆ ಇರುತ್ತದಾ? ಆದರೂ ಈ ಸಲ ಏನಿಲ್ಲ ಅನ್ನಲಿಲ್ಲ. "ಬೆನ್ನುನೋವು ಬರೆದಿಡ್ತೀನಿ, ಬೆಳಿಗ್ಗೆ ಸರ್ಜನ್ ನೋಡ್ತಾರೆ" ಅಂದೆ.

"ಮತ್ತೆ ಮುಟ್ಟಿ ನೋಡ್ಬೇಕು ಅನ್ಸುತ್ತೆ ಸಿಸ್ಟರ್."

ಒಂದು ಹಾಳೆ ಕೊಟ್ಟೆ. ಏನಾದರೂ ಅನ್ನಿಸಿದರೆ ಎಲ್ಲಿ, ಎಷ್ಟು ಹೊತ್ತಿಗೆ ಅಂತ ಬರೆಯಿರಿ, ಆರು ಗಂಟೆಗೆ ಬಂದು ಒಂದೊಂದನ್ನೂ ನೋಡುತ್ತೇನೆ ಅಂದೆ. ಉಸಿರು ಕಟ್ಟಿದರೆ, ಎದೆ ನೋವಾದರೆ, ಚಳಿಜ್ವರ ಬಂದರೆ, ಕಾಲಿನ ಶಕ್ತಿ ಹೋದ ಹಾಗೆ ಅನ್ನಿಸಿದರೆ ಬರೆಯುತ್ತಾ ಕೂರಬೇಡಿ, ಬೆಲ್ ಹೊಡೆಯಿರಿ. ಇನ್ನೊಂದು ಮಾತೂ ಹೇಳಿದೆ. ಅವರ ಕಂಕುಳ ಗ್ರಂಥಿ ಹುಡುಕಲು ನೀಲಿ ಬಣ್ಣ ಹಾಕುವವರಿದ್ದರು. ಆಮೇಲೆ ಮೂತ್ರ ಹಸಿರು-ನೀಲಿಯಾಗಿ ಹೋದರೆ ಗಾಬರಿಯಾಗಬೇಡಿ ಅಂದೆ. ಮೊದಲೇ ಗೊತ್ತಿದ್ದರೆ ಅದು ಇನ್ನೊಂದು ಭಯ ಆಗುವುದಿಲ್ಲ ಅಲ್ವಾ?

ಆರು ಗಂಟೆಗೆ ಹಾಳೆಯಲ್ಲಿ ಎರಡೇ ಸಾಲು. ನಾಡಿ 86. ಸರ್ಜನ್ ಬೆನ್ನುಮೂಳೆ ಒತ್ತಿ ನೋಡಿದರು, ಸುಮ್ಮನೆ ಮಲಗಿದ್ದಾಗಲೂ ನೋಯುತ್ತದಾ ಅಂತ ಕೇಳಿದರು, ಕೂತು ವಿವರಿಸಿದರು. ಕೇಸನ್ನು ಮೊದಲಿನಿಂದ ಮೂರನೆಯದಕ್ಕೆ ಹಾಕಿದರು. ಆಪರೇಷನ್ ಅವತ್ತೇ ಆಯಿತು.

‘ಮಾತ್ರೆ ಕೊನೆಗೆ ತೆಗೆದುಕೊಂಡ ದಿನ’ ಅಂತ ಚೆಕ್‌ಲಿಸ್ಟ್‌ನಲ್ಲಿ ಒಂದು ಕಾಲಂ ಹಾಕಿಸಿ ಅಂತ ಇನ್‌ಚಾರ್ಜ್ ಹತ್ತಿರ ಕೇಳಿದೆ. ಫಾರಂ ಮೇಲಿನಿಂದ ಬರುವುದು, ನಾವು ಬದಲಿಸುವ ಹಾಗಿಲ್ಲ ಅಂದರು. ನಾನೀಗ ಅದನ್ನು ಕೇಳಿ, ಮಾರ್ಜಿನ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ.