ಚೆನ್ನಾಗಿ ಓಡುತ್ತಿರುವ ಮಿಷನ್ನಿಗೆ ರಿಟೈರ್ಮೆಂಟಾ?

ನನ್ನ ಸಿಪ್ಯಾಪ್ ಮಿಷನ್ನಿಗೆ ಏನೂ ಆಗಿಲ್ಲ. ರಾತ್ರಿ ಬಟನ್ ಒತ್ತಿದರೆ ಶುರುವಾಗುತ್ತದೆ, ಬೆಳಿಗ್ಗೆ ಒತ್ತಿದರೆ ನಿಲ್ಲುತ್ತದೆ. 2018ರಲ್ಲಿ ಕೊಂಡದ್ದು. ಇವತ್ತಿನವರೆಗೂ ರಿಪೇರಿ ಅಂತ ಹೊರಗೆ ಹೋಗಿಲ್ಲ. ಆದರೂ ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮಗ ಅದನ್ನು ಬದಲಾಯಿಸಲೇಬೇಕು ಅಂತ ಹಟ ಹಿಡಿದ. "ಏಳು ವರ್ಷ ಆಯ್ತಲ್ಲಮ್ಮಾ. ಏಳು ವರ್ಷ ಒಂದೇ ಫೋನ್ ಯಾರಾದ್ರೂ ಇಟ್ಕೋತಾರಾ?" ಅಂದ. ನಾನು ಇಟ್ಟುಕೊಂಡಿದ್ದೇನೆ. ಆದರೆ ಅದನ್ನು ಹೇಳಿ ಅವನ ಕೈಗೆ ಇನ್ನೊಂದು ಆಯುಧ ಕೊಡಲಿಲ್ಲ.

ಇದೇನು ಮಿಷನ್ನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಲೀಪ್ ಆಪ್ನಿಯಾ ಇರುವವರಿಗೆ ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡೋ, ಅದಕ್ಕಿಂತ ಜಾಸ್ತಿಯೋ ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ಎದ್ದದ್ದು ನಮಗೆ ನೆನಪೂ ಇರುವುದಿಲ್ಲ. ಗಂಟೆಗೆ ಇಂಥದ್ದು 5ಕ್ಕಿಂತ ಕಡಿಮೆ ಆದರೆ ಪರವಾಗಿಲ್ಲ, 30 ದಾಟಿದರೆ ತೀವ್ರ. ನನ್ನದು 38 ಇತ್ತು. ಸಿಪ್ಯಾಪ್ ಮಾಡುವ ಕೆಲಸ ಬಹಳ ಸರಳ. ಮೂಗಿನ ಮಾಸ್ಕಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಕಳಿಸಿ ಆ ದಾರಿಯನ್ನು ಮುಚ್ಚಲು ಬಿಡದೆ ಹಿಡಿದಿಡುತ್ತದೆ.

ಕಾಯಿಲೆ ಗೊತ್ತಾಗುವುದಕ್ಕೇ ನನಗೆ ವರ್ಷಗಳು ಹಿಡಿದವು. ಬ್ಯಾಂಕಿನಲ್ಲಿ ಮಧ್ಯಾಹ್ನ ಲೆಡ್ಜರ್ ಮುಂದೆ ತೂಕಡಿಕೆ, ಬೆಳಿಗ್ಗೆ ತಲೆನೋವು, ಮಾತ್ರೆಗೆ ಬಗ್ಗದ ಬಿಪಿ. ಥೈರಾಯ್ಡ್ ಇರಬೇಕು ಅಂದರು, ಮುಟ್ಟು ನಿಲ್ಲುವ ವಯಸ್ಸು ಅಂದರು, ಟೆನ್ಷನ್ ಅಂದರು. ಗೊರಕೆಯ ವಿಷಯ ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಇಲ್ಲವೋ! ಗಂಡಸು ಗೊರಕೆ ಹೊಡೆದರೆ ಮನೆಯವರೆಲ್ಲ ನಗುತ್ತಾರೆ, ಹೆಂಗಸು ಹೊಡೆದರೆ ಮುಚ್ಚಿಡುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಈ ಕಾಯಿಲೆ ಹೆಚ್ಚುತ್ತದೆ ಅನ್ನುವುದು ಡಾಕ್ಟರುಗಳಿಗೆ ಗೊತ್ತಿರುವ ವಿಷಯವೇ. ಕೊನೆಗೆ ಹಿಡಿದುಕೊಟ್ಟವರು ನಮ್ಮನೆಯವರು. "ನೀನು ರಾತ್ರಿ ಉಸಿರೇ ಆಡಲ್ಲ ಕಣೇ, ನಾನು ಲೆಕ್ಕ ಹಾಕ್ತಾ ಕೂತಿರ್ತೀನಿ" ಅಂದಾಗ ಪಲ್ಮನಾಲಜಿಸ್ಟ್, ಅಂದರೆ ಶ್ವಾಸಕೋಶದ ಡಾಕ್ಟರ್ ಹತ್ತಿರ ಹೋದೆವು.

ಮಗನ ವಾದಕ್ಕೆ ಬರುತ್ತೇನೆ. ಅವನು ಸುಮ್ನೆ ಬಂದಿರಲಿಲ್ಲ, ತಯಾರಾಗಿ ಬಂದಿದ್ದ. ನನ್ನದು ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10. ಅದರ ಕೈಪಿಡಿಯಲ್ಲೇ ಮಿಷನ್ನಿನ ಆಯಸ್ಸು 5 ವರ್ಷ ಅಂತ ಬರೆದಿದೆ. ಆ ಪುಟವನ್ನು ಫೋನಿನಲ್ಲಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದ. ಜೊತೆಗೆ 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಲಕ್ಷಾಂತರ ಮಿಷನ್‌ಗಳನ್ನು ವಾಪಸ್ ಕರೆದ ಸುದ್ದಿಯನ್ನೂ ತೆಗೆದ. ಶಬ್ದ ತಗ್ಗಿಸಲು ಒಳಗೆ ಇಟ್ಟಿದ್ದ ಒಂದು ಬಗೆಯ ಫೋಮ್ ಕಾಲಕ್ರಮೇಣ ಪುಡಿಯಾಗಿ ಉಸಿರಿನ ಜೊತೆ ಒಳಗೆ ಹೋಗಬಹುದು ಅನ್ನುವುದು ಅಲ್ಲಿದ್ದ ಭಯ. "ಅದು ಬೇರೆ ಕಂಪನಿ ಕಣೋ" ಅಂದೆ. "ಹಳೇ ಮಿಷನ್ ಒಳಗೆ ಏನಾಗ್ತಿದೆ ಅಂತ ಯಾರಿಗೆ ಗೊತ್ತು?" ಅಂದ. ಆ ಪ್ರಶ್ನೆ ನನಗೂ ನ್ಯಾಯವಾಗಿಯೇ ಕಂಡಿತು.

ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಇದ್ದವಳು ನಾನು, ಬಹಳ ಕಾಲ ಸಾಲದ ವಿಭಾಗದಲ್ಲಿ. ಎಂಬತ್ತು ಸಾವಿರದ ಹತ್ತಿರ ಖರ್ಚು ಮಾಡುತ್ತೇನೆ ಅಂತ ಯಾರೇ ಬಂದರೂ, ಹೊಟ್ಟೆಯಲ್ಲಿ ಹುಟ್ಟಿದವನಾದರೂ, ಕಾಗದ ಪತ್ರ ನೋಡದೆ ಬಿಡುವ ಅಭ್ಯಾಸ ಇಲ್ಲ. ಕಾಫಿ ಮುಗಿದ ಮೇಲೆ ಊಟದ ಮೇಜಿನ ಮೇಲೆ ಒಂದು ನೋಟ್ ಪುಸ್ತಕ ಇಟ್ಟುಕೊಂಡು ಕೂತೆ. ಅವನು ಕೊಡಿಸುತ್ತೇನೆ ಅಂದದ್ದು ಏರ್‌ಸೆನ್ಸ್ 11. "ಹೇಳು, ಹೊಸದರಲ್ಲಿ ಏನು ಜಾಸ್ತಿ?"

ಟಚ್ ಸ್ಕ್ರೀನ್ ಇದೆ ಅಂದ. ಕತ್ತಲಲ್ಲಿ ಕನ್ನಡಕ ಇಲ್ಲದೆ ತಡಕಾಡುವವಳಿಗೆ ತಿರುಗಿಸುವ ಗುಂಡಿಯೇ ಸುಖ. ಮೊದಲ ಸಲ ಹಾಕಿಕೊಳ್ಳುವವರಿಗೆ ಆ್ಯಪ್ ಮೂಲಕ ಹಂತ ಹಂತವಾಗಿ ಹೇಳಿಕೊಡುತ್ತದೆ ಅಂದ. ಒಳ್ಳೆಯದೇ, ಆದರೆ ನಾನು ಮೊದಲ ಸಲದವಳಲ್ಲ. ಶಬ್ದ? ಎರಡೂ ಸುಮಾರು 27 ಡೆಸಿಬಲ್, ಅಂದರೆ ಪಿಸುಮಾತಿನಷ್ಟು. ಒತ್ತಡ? ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ ಎರಡೂ 4ರಿಂದ 20. ಉಸಿರು ಬಿಡುವಾಗ ಒತ್ತಡ ಸ್ವಲ್ಪ ಇಳಿಸುವ ಸೌಲಭ್ಯ ಎರಡರಲ್ಲೂ ಇದೆ. ಗಂಟಲಿಗೆ ಎಷ್ಟು ಒತ್ತಡ ಬೇಕೋ ಅಷ್ಟನ್ನು ತಾನೇ ಏರಿಸಿ ಇಳಿಸುವುದೂ ಎರಡರಲ್ಲೂ ಇದೆ. ಇನ್ನು ಗಾಳಿಗೆ ತೇವ ಕೊಡುವ ನೀರಿನ ತೊಟ್ಟಿ, ಫಿಲ್ಟರು, ಬಿಸಿಯಾಗುವ ಟ್ಯೂಬು ಹಳೆಯದರದ್ದು ಹೊಸದಕ್ಕೆ ಕೂರುವುದಿಲ್ಲ. ನಾನು ಒಟ್ಟಿಗೆ ತರಿಸಿಟ್ಟಿದ್ದ ಫಿಲ್ಟರ್ ಪ್ಯಾಕೆಟ್ಟು ಎಲ್ಲಾ ದಂಡ.

ಒಂದೇ ಒಂದು ಕಡೆ ಅವನಿಗೆ ಪೂರ್ತಿ ಅಂಕ ಕೊಟ್ಟೆ. ಹಳೆಯದರ ಅಡಾಪ್ಟರ್ 90 ವ್ಯಾಟ್‌ನದು, ಹೊಸದರದ್ದು 65. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಇದು ಲೆಕ್ಕಕ್ಕೆ ಬರುತ್ತದೆ. ಆದರೆ ಜಾಸ್ತಿ ಕರೆಂಟ್ ತಿನ್ನುವುದು ಮೋಟರ್ ಅಲ್ಲ, ನೀರು ಬಿಸಿ ಮಾಡುವ ಭಾಗ. ಮೈಸೂರಿನ ಡಿಸೆಂಬರ್ ಚಳಿಯಲ್ಲಿ ಅದು ಬೇಕು, ಇಲ್ಲದಿದ್ದರೆ ಬೆಳಿಗ್ಗೆ ಮೂಗು ಒಣಗಿ ಉರಿಯುತ್ತದೆ. ಏಪ್ರಿಲ್‌ನಲ್ಲಿ ನಾನು ಅದನ್ನು ಆಫ್ ಮಾಡಿಯೇ ಮಲಗುವುದು. ಮಳೆಗಾಲದಲ್ಲಂತೂ ಗಾಳಿಯೇ ನೀರು.

ಹಾಗಾದರೆ ಮಿಷನ್ನಿನ ಒಳಗೆ ಏನಾಗುತ್ತಿದೆ ಅನ್ನುವ ಪ್ರಶ್ನೆ? ಅದಕ್ಕೆ ಉತ್ತರ ಮಿಷನ್ನಿನ ಪಕ್ಕದ ಸಣ್ಣ ಮುಚ್ಚಳದ ಹಿಂದೆ ಇರುತ್ತದೆ, ಎಸ್‌ಡಿ ಕಾರ್ಡಿನಲ್ಲಿ. ರಾತ್ರಿ ಎಷ್ಟು ಹೊತ್ತು ಮಲಗಿದೆ, ಉಸಿರು ಎಷ್ಟು ಸಲ ನಿಂತಿತು, ಎಷ್ಟು ಒತ್ತಡ ಬೇಕಾಯಿತು, ಮಾಸ್ಕಿನಿಂದ ಎಷ್ಟು ಗಾಳಿ ಸೋರಿತು, ಎಲ್ಲಾ ಅದರಲ್ಲಿ ದಾಖಲಾಗುತ್ತದೆ. ಆಸ್ಕರ್ ಅನ್ನುವ ಒಂದು ಉಚಿತ ಪ್ರೋಗ್ರಾಂ ಇದೆ, ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು ಕಾರ್ಡ್ ಓದಿಸಬಹುದು. ಅಂಕಿ ಅಂಶ ಕಂಡರೆ ನನಗೆ ಹಬ್ಬ. ಮಗನನ್ನೇ ಲ್ಯಾಪ್‌ಟಾಪ್ ಮುಂದೆ ಕೂರಿಸಿ ತೆರೆಸಿದೆ.

ಗೆರೆಗಳನ್ನು ಇಬ್ಬರೂ ಬಗ್ಗಿ ನೋಡಿದೆವು. ಗಂಟೆಗೆ ಉಸಿರು ನಿಲ್ಲುವ ಲೆಕ್ಕ 38 ಇದ್ದದ್ದು ಈಗ 2ರ ಆಸುಪಾಸು. ಒತ್ತಡ ರಾತ್ರಿಯಿಡೀ 10, 11ರಲ್ಲಿ ಆಡುತ್ತದೆ, ಮೂರು ವರ್ಷದ ಹಿಂದೆಯೂ ಅಲ್ಲೇ ಇತ್ತು. ಅಂದರೆ ಹಳೆಯ ಮೋಟರ್ ಏದುಸಿರು ಬಿಡುತ್ತಿಲ್ಲ. ಒಟ್ಟು ಓಡಿದ್ದು 16 ಸಾವಿರ ಗಂಟೆ ದಾಟಿದೆ. ಸೋರಿಕೆಯ ಗೆರೆ ಮಾತ್ರ ಇತ್ತೀಚೆಗೆ ಮೇಲೆ ಏರಿತ್ತು. ಅದು ಮಿಷನ್ನಿನ ತಪ್ಪಲ್ಲ, ಮಾಸ್ಕಿನ ಸಿಲಿಕೋನ್ ಕುಶನ್ ಮೆತ್ತಗಾಗಿತ್ತು. ಅದನ್ನು ಬದಲಾಯಿಸಿದ ಮೇಲೆ ಗೆರೆ ಕೆಳಗಿಳಿಯಿತು.

"ಸರಿ, ಈಗ ಓಡ್ತಿದೆ. ರಾತ್ರೋರಾತ್ರಿ ನಿಂತುಹೋದ್ರೆ?" ಅಂದ ಮಗ. ಇದಕ್ಕೆ ನನ್ನ ನೋಟ್ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಡಾಕ್ಟರನ್ನೇ ಕೇಳೋಣ ಅಂತ ಹೋದೆವು. ಅವರು ಕಾರ್ಡಿನ ವರದಿ ನೋಡಿ ನಕ್ಕರು. "5 ವರ್ಷ ಅಂದ್ರೆ ಮಾತ್ರೆ ಪಟ್ಟಿ ಮೇಲಿನ ಎಕ್ಸ್‌ಪೈರಿ ಡೇಟ್ ಅಲ್ಲ ಮೇಡಂ" ಅಂದರು. ಕಂಪನಿ ಲೆಕ್ಕ ಹಾಕಿದ ಆಯಸ್ಸು ಅದು, ಅದಾದ ಮೇಲೆ ಗಮನ ಇರಬೇಕು ಅಷ್ಟೇ. ಶಬ್ದ ಬದಲಾದರೆ, ಸುಟ್ಟ ವಾಸನೆ ಬಂದರೆ, ಮಾಸ್ಕು ಸರಿಯಾಗಿದ್ದೂ ಉಸಿರು ನಿಲ್ಲುವ ಲೆಕ್ಕ ಏರಿದರೆ, ನೀರಿನ ತೊಟ್ಟಿಯಿಂದ ಒಳಗೆ ನೀರು ಹೋದರೆ, ಬಿಡಿ ಭಾಗ ಸಿಗುವುದು ನಿಂತರೆ ಆಗ ಯೋಚಿಸಿ ಅಂದರು. ಮೋಟರಿನ ಲೆಕ್ಕದ ಗಂಟೆ ಮುಗಿದಾಗ ಮಿಷನ್ನೇ ಪರದೆ ಮೇಲೆ ಹೇಳುತ್ತದಂತೆ. ಹೇಳಿದ ತಕ್ಷಣ ನಿಲ್ಲುವುದೂ ಇಲ್ಲವಂತೆ, ಹೊಸದು ಕೊಳ್ಳಲು ಸಮಯ ಇರುತ್ತದೆ.

ಈ ಗಾಳಿ ಚಿಕಿತ್ಸೆ ಶುರುವಾದದ್ದೇ 1980ರಲ್ಲಿ, ಸಿಡ್ನಿಯಲ್ಲಿ. ಕಾಲಿನ್ ಸಲಿವನ್ ಅನ್ನುವ ಡಾಕ್ಟರ್ ವ್ಯಾಕ್ಯೂಮ್ ಕ್ಲೀನರಿನ ಮೋಟರ್ ಬಳಸಿ, ಮಾಸ್ಕನ್ನು ಮೂಗಿಗೆ ಅಂಟಿಸಿ ಮಾಡಿದ್ದು. ಅದಕ್ಕೂ ಮುಂಚೆ ಕಾಯಿಲೆ ವಿಪರೀತ ಆದವರಿಗೆ ಗಂಟಲಿಗೆ ತೂತು ಕೊರೆಯುತ್ತಿದ್ದರು. ಇದನ್ನು ಓದಿದ ಮೇಲೆ ನನ್ನ ಹಳೇ ಮಿಷನ್ ಬಗ್ಗೆ ನನಗೆ ಇನ್ನೂ ಗೌರವ ಬಂದಿದೆ.

ಇಷ್ಟಾದ ಮೇಲೆ ಮಾತು ಮುಗಿಯಬೇಕಿತ್ತು. ಆದರೆ ಮಗ ಬೇರೆ ದಾರಿ ಹಿಡಿದ. "ಹೊಸದು ನೀನು ಇಟ್ಕೋ. ಹಳೇದು ಮಾವನಿಗೆ ಕೊಡು" ಅಂದ.

ಮಾವ ಅಂದರೆ ನನ್ನ ತಮ್ಮ. ಪಾಂಡವಪುರದ ಕಡೆ ಒಂದು ಆಲೆಮನೆ ನಡೆಸುತ್ತಾನೆ. ಜಂಬೂಸವಾರಿ ನೋಡಲು ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದ, ರಾತ್ರಿ ನಮ್ಮ ಹಾಲಿನಲ್ಲೇ ಮಲಗಿದ್ದರು. ಅವನ ಗೊರಕೆಗೆ ಇಡೀ ಕುವೆಂಪುನಗರ ಎದ್ದಿರಬೇಕು. ಅದು ಹಳೇ ಕಥೆ, ಎಲ್ಲರಿಗೂ ಗೊತ್ತು. ಆದರೆ ನಮ್ಮನೆಯವರು ಎದ್ದು ಹೋಗಿ ಹಾಲಿನ ಬಾಗಿಲಲ್ಲಿ ನಿಂತದ್ದು ಗೊರಕೆ ಕೇಳಿ ಅಲ್ಲ, ಗೊರಕೆ ನಿಂತಾಗ. ವಾಪಸ್ ಬಂದು, "ನಿನ್ನ ಹಾಗೇನೇ" ಅಂದರು. ಮಧ್ಯೆ ಮೌನ, ಆಮೇಲೆ ಮುಳುಗಿ ಎದ್ದವನ ಹಾಗೆ ಒಂದು ಎಳೆತ.

ಬೆಳಿಗ್ಗೆ ತಮ್ಮನ ಹೆಂಡತಿಯನ್ನು ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ. ಬಿಪಿ ಮಾತ್ರೆ ನುಂಗುತ್ತಾನೆ, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ಕೂತಲ್ಲೇ ತೂಕಡಿಸುತ್ತಾನೆ, ಅಂಗಿಯ ಕಾಲರ್ ಬಟನ್ ಹಾಕಲು ಆಗುವುದಿಲ್ಲ ಅಂದಳು. 40 ಸೆಂಟಿಮೀಟರಿಗಿಂತ ದಪ್ಪ ಕುತ್ತಿಗೆಯೂ ಡಾಕ್ಟರುಗಳು ಕೇಳುವ ಲಕ್ಷಣಗಳಲ್ಲಿ ಒಂದು. ಇದೆಲ್ಲಕ್ಕಿಂತ ನನ್ನ ಎದೆ ಧಸಕ್ ಅಂದದ್ದು ಬೇರೆ ಮಾತಿಗೆ. ಬೆಲ್ಲ ತುಂಬಿದ ಪಿಕಪ್ಪನ್ನು ಬೆಂಗಳೂರಿಗೆ ರಾತ್ರಿ ಅವನೇ ಓಡಿಸಿಕೊಂಡು ಹೋಗುತ್ತಾನಂತೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಅಲ್ಲಿ ಬಿಡುವುದಿಲ್ಲ. ಊರುಗಳೆಲ್ಲ ಪಕ್ಕಕ್ಕೆ ಸರಿದಿವೆ. ಮೊದಲಾದರೆ ಮದ್ದೂರಲ್ಲಿ ಇಳಿದು ಒಂದು ವಡೆ, ಕಾಫಿ ಅಂತ ನಿಲ್ಲುತ್ತಿದ್ದ. ಈಗ ನೆಟ್ಟಗೆ ರಸ್ತೆ, ಒಂದೇ ವೇಗ. ನಿದ್ದೆ ಬಾಕಿ ಇರುವವನಿಗೆ ಅದಕ್ಕಿಂತ ಜೋಗುಳ ಬೇಕಾ?

ಹಾಗಾಗಿ ಮಗನ ಮಾತು ಕೇಳಲು ಚೆನ್ನಾಗಿತ್ತು. ಒಂದು ಕಲ್ಲಿಗೆ ಎರಡು ಹಣ್ಣು. ಮತ್ತೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ನಗಲಿಲ್ಲ. ಮೊದಲು ನಿಮ್ಮ ತಮ್ಮನಿಗೆ ನಿದ್ದೆಯ ಪರೀಕ್ಷೆ ಆಗಲಿ ಅಂದರು. ಎಷ್ಟು ತೀವ್ರ, ಯಾವ ಬಗೆ, ಎಷ್ಟು ಒತ್ತಡ ಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ಈ ಮಿಷನ್ನೇ ಸಾಲುವುದಿಲ್ಲ, ಉಸಿರು ಎಳೆಯಲು ಒಂದು, ಬಿಡಲು ಇನ್ನೊಂದು ಒತ್ತಡ ಕೊಡುವ ಬೈಪ್ಯಾಪ್ ಬೇಕಾಗುತ್ತದೆ. ಹಳೆಯದನ್ನು ಕೊಡುವುದಾದರೂ ಮಾಸ್ಕು, ಟ್ಯೂಬು, ಫಿಲ್ಟರು, ನೀರಿನ ತೊಟ್ಟಿ ಹೊಸದಾಗಬೇಕು, ಸೆಟ್ಟಿಂಗ್ ಅವರದ್ದಾಗಬೇಕು. "ನಿಮ್ಮ 11ರ ಒತ್ತಡದಲ್ಲಿ ಅವರನ್ನ ಮಲಗಿಸ್ಬೇಡಿ" ಅಂದರು.

ಫೋನಿಟ್ಟು ಯೋಚಿಸಿದೆ. 16 ಸಾವಿರ ಗಂಟೆ ಓಡಿದ ಮಿಷನ್ನನ್ನು ಯಾರ ಹತ್ತಿರ ಬಿಡಬೇಕು? ಅದರ ಶಬ್ದ ಒಂದು ಎಳೆ ಬದಲಾದರೂ ಗೊತ್ತಾಗುವವಳು ನಾನು. ಕಾರ್ಡ್ ತೆಗೆದು ಓದುವವಳು ನಾನು. ಡಾಕ್ಟರ ಆಸ್ಪತ್ರೆ ನನಗೆ ಆಟೊ ದೂರ. ತಮ್ಮನಿಗೆ ಅದು ಹಳ್ಳಿಯ ಮನೆಯಲ್ಲಿ ಒಂದು ರಾತ್ರಿ ಕೈಕೊಟ್ಟರೆ ಅವನು ಮಾಡುವುದು ಒಂದೇ, ಅಟ್ಟಕ್ಕೆ ಎಸೆದು "ನಾನ್ ಹೇಳ್ಲಿಲ್ವಾ" ಅನ್ನುವುದು. ಹೊಸ ಮಿಷನ್, ವಾರಂಟಿ, ಮೊದಲ ಸಲದವರಿಗೆ ಹೇಳಿಕೊಡುವ ಆ ಆ್ಯಪ್, ಕಡಿಮೆ ವ್ಯಾಟ್ ಇವೆಲ್ಲ ಅವನಿಗೇ ಸರಿ. ಮಗನ ಪಟ್ಟಿಯಲ್ಲಿ ನನಗೆ ಬೇಡ ಅನಿಸಿದ ಒಂದೊಂದೂ ಅವನಿಗೆ ಬೇಕಾದದ್ದೇ.

ಮಗನಿಗೆ ಹೇಳಿದೆ, ದುಡ್ಡು ಎತ್ತಿಡು, ಕೊಳ್ಳಬೇಡ. ಪರೀಕ್ಷೆ ಆಗಲಿ, ಡಾಕ್ಟರ್ ಯಾವುದು ಹೇಳುತ್ತಾರೋ ಅದು ಮಾವನಿಗೆ. ನನಗೆ ಕೊಡಿಸಲೇಬೇಕು ಅಂತಿದ್ದರೆ ಒಂದು ಎಕ್ಸ್‌ಟ್ರಾ ಕುಶನ್ ಕೊಡಿಸು. ಮುಖ ಸಣ್ಣದು ಮಾಡಿಕೊಂಡ. ಅಮ್ಮನಿಗೆ ಅಂತ ಎತ್ತಿಟ್ಟ ದುಡ್ಡು ಅದು, ನನಗೂ ಅರ್ಥವಾಗುತ್ತದೆ. ಆದರೂ ಒಪ್ಪಿದ.

ತಮ್ಮನನ್ನು ಒಪ್ಪಿಸುವುದು ಅಷ್ಟು ಸುಲಭ ಇರಲಿಲ್ಲ. "ಸುಮ್ಕಿರಕ್ಕ, ಗೊರಕೆ ಹೊಡಿಯಕ್ಕೂ ಡಾಕ್ಟ್ರು ತಾವ ಹೋಗ್ಬೇಕಾ? ಅಪ್ಪ ಹೊಡೀತಿರ್ಲಿಲ್ವಾ?" ಅಂದ. ಅಪ್ಪ ಹೊಡೆಯುತ್ತಿದ್ದರು. ಅರವತ್ತಕ್ಕೆ ಮೊದಲೇ ನಿದ್ದೆಯಲ್ಲೇ ಹೋದರು. ಯಾವ ಕಾರಣಕ್ಕೆ ಅಂತ ಯಾರೂ ಪರೀಕ್ಷೆ ಮಾಡಿದವರಲ್ಲ, ಹಾಗಾಗಿ ನಾನೂ ಏನೂ ಹೇಳಲಾರೆ. ಅದನ್ನು ವಾದಕ್ಕೆ ಬಳಸಲು ಮನಸ್ಸಾಗಲಿಲ್ಲ. ಅವನ ಹೆಂಡತಿಗೆ ಫೋನ್ ಕೊಡಲು ಹೇಳಿದೆ. ಪರೀಕ್ಷೆ ಆಗುವವರೆಗೆ ರಾತ್ರಿ ಪಿಕಪ್ ಕೀಲಿ ನಿನ್ನ ಹತ್ತಿರ ಇರಲಿ, ಡ್ರೈವರ್ ಬಾಡಿಗೆ ನಾನು ಕೊಡುತ್ತೇನೆ ಅಂದೆ. ಅವಳು "ಆಯ್ತಕ್ಕ" ಅಂದ ರೀತಿಗೆ ಬಹಳ ದಿನದಿಂದ ಯಾರಾದರೂ ಹೀಗೆ ಹೇಳಲಿ ಅಂತ ಕಾಯುತ್ತಿದ್ದಳು ಅನಿಸಿತು.

ಮೊನ್ನೆ ಅವನೇ ಫೋನ್ ಮಾಡಿದ. ಕಬ್ಬಿನ ರೇಟು, ಮಳೆ, ಬೆಲ್ಲ ಕಪ್ಪಾಗುತ್ತಿರುವುದು ಎಲ್ಲಾ ಹೇಳಿ ಆದ ಮೇಲೆ, "ಅಕ್ಕ, ಆ ಮಿಷನ್ನು ಕರೆಂಟ್ ಎಷ್ಟು ತಿಂತದೆ?" ಅಂದ. ನೀರು ಬಿಸಿ ಮಾಡುವುದನ್ನು ಆಫ್ ಇಟ್ಟರೆ ಒಂದು ಫ್ಯಾನಿಗಿಂತ ಕಮ್ಮಿ ಅಂದೆ. "ಹ್ಞೂಂ" ಅಂದ. ಪರೀಕ್ಷೆ ಬರುವ ಗುರುವಾರ. ಹಿಂದಿನ ದಿನವೇ ನಮ್ಮನೆಗೆ ಬಂದು ಉಳಿಯಲು ಹೇಳಿದ್ದೇನೆ. ಬರುವಾಗ ಎರಡು ಅಚ್ಚು ಬೆಲ್ಲ ತಾ ಅಂತಲೂ ಹೇಳಿದ್ದೇನೆ, ಡಾಕ್ಟರಿಗೆ ಒಂದು, ನನಗೆ ಒಂದು.